ಒಂದೇ ಇಂಕು, ಏಳು ಹಾಳೆ: ಬಣ್ಣದ ಇಂಕನ್ನು ಮನೆಯಲ್ಲೇ ಪರೀಕ್ಷಿಸುವ ಬಗೆ

ಹೋದ ವರ್ಷ ಅಕ್ಕನಿಗೆ ಬರೆದ ಕಾಗದದಲ್ಲಿ ಮೂರು ಪುಟಗಳಿದ್ದವು. ಮೊದಲೆರಡನ್ನು ಒಳ್ಳೆಯ ಪ್ಯಾಡಿನ ಹಾಳೆಯಲ್ಲಿ ಬರೆದಿದ್ದೆ. ಪ್ಯಾಡು ಮುಗಿದದ್ದರಿಂದ ಮೂರನೆಯದಕ್ಕೆ ಪ್ರಿಂಟರಿನಿಂದ ಒಂದು ಜೆರಾಕ್ಸ್ ಹಾಳೆ ಎಳೆದುಕೊಂಡೆ. ಕಾಗದ ತಲುಪಿದ ದಿನ ಅಕ್ಕ ಫೋನು ಮಾಡಿ ಮೊದಲು ಕೇಳಿದ್ದು ಇಂಕಿನ ವಿಷಯವನ್ನೇ. “ಕೊನೇ ಪುಟಕ್ಕೆ ಬೇರೆ ಇಂಕು ಹಾಕಿದ್ಯೇನೋ? ಮೊದಲಿಂದು ನವಿಲಿನ ಕತ್ತಿನ ಹಂಗಿದೆ, ಕೊನೇದು ನೀಲಿ ಅದ್ದಿ ಒಣಗಿಸಿದ ಬಟ್ಟೆ ಹಂಗಿದೆ” ಅಂದಳು. ಪೆನ್ನೂ ಅದೇ, ಇಂಕೂ ಅದೇ, ಬರೆದ ಕೈಯೂ ಅದೇ. ಹಾಳೆಯೊಂದೇ ಬೇರೆ.

ಆ ಇಂಕು ಜಪಾನಿನ ಪೈಲಟ್ ಕಂಪನಿಯ ‘ಇರೊಶಿಝುಕು’ ಸಾಲಿನ ‘ಕೊನ್‌ಪೆಕಿ’. 2007ರಲ್ಲಿ ಶುರುವಾದ ಈ ಸಾಲಿನ ಹೆಸರಿಗೆ ಜಪಾನಿ ಭಾಷೆಯಲ್ಲಿ ಬಣ್ಣದ ಹನಿ ಎಂಬ ಅರ್ಥವಿದೆ. ಕೊನ್‌ಪೆಕಿ ಎಂದರೆ ಗಾಢವಾದ ಆಕಾಶನೀಲಿ. ಅಕ್ಕನ ಆ ಮಾತಿನ ನಂತರ ಅದೇ ಬಾಟಲಿಯನ್ನು ಮುಂದಿಟ್ಟುಕೊಂಡು, ಮನೆಯಲ್ಲಿದ್ದ ಏಳು ಬಗೆಯ ಹಾಳೆಗಳ ಮೇಲೆ ಬರೆದು ನೋಡಿದೆ. ಹಾಗೆ ನೋಡುವ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮೇಜಿನ ಮೇಲೆ ಬ್ರಿಲ್, ಕ್ಯಾಮೆಲ್, ಸುಲೇಖಾ, ಪಟ್ಟಾಂಬಿಯ ಕೃಷ್ಣಾ, ಯಾವುದೇ ಇರಲಿ, ಕ್ರಮ ಇದೇ. ಬೇರೆಯವರು ತೆಗೆದ ಫೋಟೋ ನೋಡಿ ಇಂಕು ಕೊಳ್ಳುವ ಬದಲು, ನೀವು ದಿನಾ ಬರೆಯುವ ಹಾಳೆಯ ಮೇಲೆ ನಿಮ್ಮ ಪೆನ್ನಿನಿಂದ ನೋಡಿಕೊಂಡರೆ ಮಾತ್ರ ಆ ಇಂಕು ನಿಮ್ಮದಾಗುತ್ತದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಹಾಳೆಯೊಳಗೆ ಏನಾಗುತ್ತದೆ

ಪರೀಕ್ಷೆಗೆ ಮುಂಚೆ ಇದಿಷ್ಟು ತಿಳಿದಿರಬೇಕು. ಇಂಕ್ ಪೆನ್ನಿನ ಇಂಕಿನಲ್ಲಿ ಬಹುಪಾಲು ನೀರು. ಅದರಲ್ಲಿ ಕರಗಿದ ಬಣ್ಣ, ನಿಬ್ಬಿನಿಂದ ಸರಾಗವಾಗಿ ಹರಿಯಲು ಬೇಕಾದ ಒಂದಿಷ್ಟು ರಾಸಾಯನಿಕ, ಬೂಷ್ಟು ಹಿಡಿಯದಂತೆ ಕಾಯುವ ಮತ್ತೊಂದಿಷ್ಟು. ಕಾಗದವೆಂದರೆ ನಾರುಗಳ ಹೆಣಿಗೆ. ನಾರಿಗೂ ನೀರಿಗೂ ಸಹಜವಾದ ಸೆಳೆತವಿದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆದುಕೊಳ್ಳುವ ಹಾಗೆ ನಾರು ನೀರನ್ನು ತನ್ನ ಉದ್ದಕ್ಕೂ ಎಳೆದುಕೊಳ್ಳುತ್ತದೆ, ನೀರಿನ ಹಿಂದೆ ಬಣ್ಣವೂ ಹೋಗುತ್ತದೆ. ಗೆರೆಯ ಅಂಚಿನಿಂದ ಕೂದಲಿನಂಥ ಎಳೆಗಳು ಹೊರಡುವುದು ಹೀಗೆ.

ಇದನ್ನು ತಡೆಯಲೆಂದೇ ಕಾರ್ಖಾನೆಗಳಲ್ಲಿ ಕಾಗದಕ್ಕೆ ‘ಸೈಜಿಂಗ್’ ಕೊಡುತ್ತಾರೆ. ನೇಕಾರರು ನೂಲಿಗೆ ಗಂಜಿ ಕೊಡುವುದಿಲ್ಲವೇ, ಹಾಗೆ. ಹಿಂದೆ ಮರದ ರಾಳ ಮತ್ತು ಪಟಿಕ ಹಾಕುತ್ತಿದ್ದರು, ಕೈಕಾಗದಕ್ಕೆ ಪ್ರಾಣಿಜನ್ಯ ಅಂಟು. ಈಗ ಹೆಚ್ಚಾಗಿ ತಯಾರಿಸಿದ ರಾಸಾಯನಿಕಗಳನ್ನು ತಿರುಳಿಗೇ ಸೇರಿಸಿ, ಮೇಲ್ಮೈಗೆ ಪಿಷ್ಟದ ಲೇಪ ಕೊಡುತ್ತಾರೆ. ಸೈಜಿಂಗ್ ಚೆನ್ನಾಗಿದ್ದರೆ ಇಂಕು ಮೇಲೆ ನಿಂತು ನಿಧಾನವಾಗಿ ಒಣಗುತ್ತದೆ, ಕಡಿಮೆಯಿದ್ದರೆ ಒಳಗಿಳಿಯುತ್ತದೆ. ಬಣ್ಣದ ಚೆಲುವು, ಹರಡುವಿಕೆ, ಒಣಗುವ ಹೊತ್ತು, ಮೂರೂ ಈ ಒಂದು ಗುಣದ ಮೇಲೆ ನಿಂತಿವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಜಿಎಸ್‌ಎಂ ಹೆಚ್ಚಿದ್ದರೆ ಇಂಕು ಹಿಂದಕ್ಕೆ ಇಳಿಯುವುದಿಲ್ಲ ಅಂದುಕೊಳ್ಳುತ್ತಾರೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಅಷ್ಟೇ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಈ ತೂಕ ಸೈಜಿಂಗ್ ಬಗ್ಗೆ ಏನನ್ನೂ ಹೇಳುವುದಿಲ್ಲ. 52 ಜಿಎಸ್‌ಎಂನ ಜಪಾನಿ ‘ಟೊಮೊಯೆ ರಿವರ್’ ಹಾಳೆ ಕೈಯಲ್ಲಿ ಹಿಡಿದರೆ ಈರುಳ್ಳಿ ಸಿಪ್ಪೆಯಂತೆ ಪಟಪಟ ಅನ್ನುತ್ತದೆ, ಆದರೂ ಅದರ ಹಿಂಬದಿಗೆ ಇಂಕು ಇಳಿಯುವುದು ಅಪರೂಪ. ಅದಕ್ಕಿಂತ ದಪ್ಪವಾದ 75 ಜಿಎಸ್‌ಎಂ ಜೆರಾಕ್ಸ್ ಹಾಳೆಯಲ್ಲಿ ದಪ್ಪ ನಿಬ್ಬಿನ ಬರಹ ಬೆನ್ನಿಗೆ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ.

ಮೊದಲು ಪೆನ್ನು

ಪರೀಕ್ಷೆ ಮುಗಿಯುವವರೆಗೆ ಒಂದೇ ಪೆನ್ನು, ಒಂದೇ ನಿಬ್ಬು. ನಡುವೆ ಬದಲಾಯಿಸಿದರೆ ಹಾಳೆಯ ಗುಣ ಯಾವುದು, ನಿಬ್ಬಿನ ಗುಣ ಯಾವುದು ಗೊತ್ತಾಗುವುದಿಲ್ಲ. ಮೀಡಿಯಂ ನಿಬ್ಬು ಒಳ್ಳೆಯದು. ಸಣ್ಣ ನಿಬ್ಬು ಹಾಳೆಯ ದೋಷವನ್ನು ಮುಚ್ಚಿಡುತ್ತದೆ, ಬ್ರಾಡ್ ನಿಬ್ಬು ಎಲ್ಲ ಹಾಳೆಯನ್ನೂ ಕೆಟ್ಟದಾಗಿ ತೋರಿಸುತ್ತದೆ.

ಹಳೆಯ ಇಂಕು ಪೂರ್ತಿ ಹೋಗುವಂತೆ ತೊಳೆಯಿರಿ. ತಣ್ಣೀರು ಸಾಕು. ಪೆನ್ನಿನೊಳಗೆ ಇಂಕು ಎಳೆದು ತುಂಬಿಸುವ ಕೊಳವೆಯಾದ ಕನ್ವರ್ಟರಿನಿಂದ ನೀರು ಎಳೆದು ಬಿಡುತ್ತಾ ಹೋಗಿ, ನೀರು ತಿಳಿಯಾದ ಮೇಲೆ ನಿಬ್ಬನ್ನು ಮಡಿಸಿದ ಟಿಶ್ಯೂ ಮೇಲೆ ತಲೆಕೆಳಗಾಗಿ ಹತ್ತು ನಿಮಿಷ ನಿಲ್ಲಿಸಿ. ನೀರು ತಿಳಿಯಾಗಿ ಕಂಡರೂ ನಿಬ್ಬಿನಡಿಯಲ್ಲಿದ್ದು ಅದಕ್ಕೆ ಇಂಕು ಹಾಯಿಸುವ ಫೀಡಿನಲ್ಲಿ ಹಳೆಯ ಬಣ್ಣ ಉಳಿದಿರುತ್ತದೆ, ಅದು ಟಿಶ್ಯೂಗೆ ಇಳಿಯುತ್ತದೆ. ಕೆಂಪು ಇದ್ದ ಪೆನ್ನಿಗೆ ಸರಿಯಾಗಿ ತೊಳೆಯದೆ ನೀಲಿ ತುಂಬಿದರೆ ಮೊದಲ ಎರಡು ಪುಟ ನೇರಳೆಯಾಗಿ ಬರುತ್ತದೆ. ಅದನ್ನು ನೋಡಿ ಇಂಕಿನ ಮೇಲೆ ತೀರ್ಮಾನ ಕೊಡಬಾರದು.

ಹೊಸ ಇಂಕು ತುಂಬಿ ಒಂದು ರಾತ್ರಿ ಪೆನ್ನನ್ನು ಮಲಗಿಸಿಡಿ. ಬೆಳಿಗ್ಗೆ ರದ್ದಿ ಹಾಳೆಯಲ್ಲಿ ಅರ್ಧ ಪುಟ ಬರೆದ ಮೇಲೆಯೇ ಪರೀಕ್ಷೆ ಶುರುಮಾಡಿ. ತೊಳೆದಾಗ ಉಳಿದಿದ್ದ ನೀರು ಅಷ್ಟರಲ್ಲಿ ಹೊರಹೋಗಿರುತ್ತದೆ.

ಚಿತ್ರ ಬರೆಯಲು ಮಾರುವ ‘ಇಂಡಿಯನ್ ಇಂಕ್’ ಬಾಟಲಿಯನ್ನು ಯಾವ ಕಾರಣಕ್ಕೂ ಇಂಕ್ ಪೆನ್ನಿಗೆ ತುಂಬಬೇಡಿ. ಅದರಲ್ಲಿರುವ ಅರಗು ಒಣಗಿದರೆ ಫೀಡಿನ ಸಂದುಗಳು ಮುಚ್ಚಿಹೋಗುತ್ತವೆ, ಆಮೇಲೆ ತೊಳೆದರೂ ಬಿಡುವುದಿಲ್ಲ. ಹೆಸರು ನೋಡಿ ಮೋಸಹೋದ ಮಕ್ಕಳ ಎಷ್ಟೋ ಪೆನ್ನುಗಳನ್ನು ನಾನು ಕೈಯಲ್ಲಿ ಹಿಡಿದು ಬೇಸರಪಟ್ಟಿದ್ದೇನೆ.

ಹಾಳೆ ಆರಿಸಿ, ದೋಣಿ ಬಿಡಿ

ನೀವು ನಿಜವಾಗಿ ಬಳಸುವ ಹಾಳೆಗಳನ್ನೇ ಆರಿಸಿ. ನಾನು ತೆಗೆದುಕೊಂಡದ್ದು: ಜೆರಾಕ್ಸ್ ಹಾಳೆ, ಮಕ್ಕಳ ಗೆರೆ ನೋಟ್‌ಬುಕ್ಕು, ಬಾಂಡ್ ಪೇಪರು, ಅಂಚೆ ಕಾರ್ಡು, ಫ್ರಾನ್ಸಿನ ‘ರೋಡಿಯಾ’ ಪ್ಯಾಡು, ಟೊಮೊಯೆ ರಿವರ್, ಒಂದು ಕೈಕಾಗದ. ಪ್ರತಿಯೊಂದರಿಂದ ಅಂಗೈ ಎರಡರಷ್ಟು ದೊಡ್ಡ ತುಂಡು ಕತ್ತರಿಸಿ, ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಹಾಳೆಯ ಹೆಸರು, ಜಿಎಸ್‌ಎಂ, ತಾರೀಖು ಬರೆಯಿರಿ. ಪೆನ್ಸಿಲ್ಲೇ ಆಗಬೇಕು, ಆಮೇಲೆ ನೀರು ಹಾಕುವುದಿದೆ. ತುಂಡುಗಳನ್ನು ಅಂಚಿನಲ್ಲಿ ಹಿಡಿಯಿರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ ತಾಗಿದ ಕಡೆ ಇಂಕು ಹಿಡಿಯುವುದೇ ಇಲ್ಲ, ಗೆರೆ ತುಂಡಾಗುತ್ತದೆ. ಪುಟದ ಕೆಳಭಾಗದಲ್ಲಿ ಮಾತ್ರ ಪೆನ್ನು ಬಿಟ್ಟುಬಿಟ್ಟು ಬರೆಯುತ್ತದೆ ಎನ್ನುವವರ ಪೆನ್ನಿನಲ್ಲಿ ಸಾಮಾನ್ಯವಾಗಿ ದೋಷವಿರುವುದಿಲ್ಲ. ಬರೆಯುವಾಗ ಅಂಗೈ ಊರಿದ್ದ ಜಾಗ ಅದು. ಕೈಯಡಿಗೆ ಒಂದು ಹಾಳೆ ಹಾಕಿಕೊಂಡರೆ ತೊಂದರೆ ಮುಗಿಯಿತು.

ಇನ್ನು ದೋಣಿ. ನಾನು ಬೆಳೆದದ್ದು ಭದ್ರಾವತಿಯಲ್ಲಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ನಮ್ಮೂರಿಗೆ ಅನ್ನ ಕೊಟ್ಟದ್ದು, ಅದರ ಸುತ್ತ ಬೆಳೆದ ಬಡಾವಣೆಯನ್ನು ಈಗಲೂ ಪೇಪರ್ ಟೌನ್ ಎಂದೇ ಕರೆಯುತ್ತಾರೆ. ಪಕ್ಕದ ಮನೆಯ ಮಾಮ ಕಾರ್ಖಾನೆಯಲ್ಲಿದ್ದರು. ನಾವು ಮಳೆನೀರಿಗೆ ಕಾಗದದ ದೋಣಿ ಬಿಡುವುದನ್ನು ನೋಡಿ ಒಂದು ದಿನ ಕರೆದು, “ನೀರಲ್ಲಿ ಬಿಟ್ರೆ ಆಟ, ಮಸಿಯಲ್ಲಿ ಬಿಟ್ರೆ ಪರೀಕ್ಷೆ” ಅಂದರು. ಕಾಗದದ ಸಣ್ಣ ತುಂಡಿನ ನಾಲ್ಕು ಅಂಚು ಮಡಿಸಿ ತಟ್ಟೆಯಂಥ ದೋಣಿ ಮಾಡಿ, ಬಟ್ಟಲಿನಲ್ಲಿದ್ದ ಇಂಕಿನ ಮೇಲೆ ತೇಲಿಬಿಟ್ಟು ಎಣಿಸತೊಡಗಿದರು. ಒಳಗಿನ ಬಿಳಿ ತಳದಲ್ಲಿ ಬಣ್ಣ ಕಾಣಿಸಿಕೊಳ್ಳಲು ಎಷ್ಟು ಹೊತ್ತು ಬೇಕೋ ಅದು ಆ ಕಾಗದದ ತಡೆಯುವ ಶಕ್ತಿ. ಕಾಗದ ಮಾಡುವವರು ಸೈಜಿಂಗ್ ನೋಡಲು ಬಹಳ ಹಿಂದಿನಿಂದ ಬಳಸುತ್ತಿದ್ದ ಕ್ರಮವಿದು. ಪತ್ರಿಕೆಯ ಕಾಗದದ ದೋಣಿ ಮಾಮ ‘ಎರಡು’ ಅನ್ನುವಷ್ಟರಲ್ಲಿ ಒಳಗೆಲ್ಲ ನೀಲಿಯಾಗಿತ್ತು. ಪತ್ರಿಕೆ ಮುದ್ರಣಕ್ಕೆ ಎಣ್ಣೆಯಂಥ ಮಸಿಯನ್ನು ಹೀರಿಕೊಳ್ಳುವ ಕಾಗದವೇ ಬೇಕಾದ್ದರಿಂದ ಅದಕ್ಕೆ ಸೈಜಿಂಗ್ ಕೊಡುವುದೇ ಇಲ್ಲ ಅನ್ನಬಹುದು.

ಆ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಮಾಮ ಕಲಿಸಿದ ದೋಣಿ ಮಾತ್ರ ನನ್ನ ಮೇಜಿನ ಮೇಲೆ ಇನ್ನೂ ತೇಲುತ್ತಿದೆ. ನೀವೂ ಮಾಡಿ: ಎರಡು ಇಂಚು ಚೌಕದ ತುಂಡು, ಅಗಲವಾದ ಮುಚ್ಚಳದಲ್ಲಿ ಅರ್ಧ ಚಮಚೆ ಅಗ್ಗದ ನೀಲಿ ಇಂಕು, ಕೈಯಲ್ಲಿ ಗಡಿಯಾರ. ದುಬಾರಿ ಇಂಕನ್ನು ಇದಕ್ಕೆ ಸುರಿಯಬೇಕಿಲ್ಲ, ಇಲ್ಲಿ ನೋಡುತ್ತಿರುವುದು ಕಾಗದವನ್ನು. ಒಂದೇ ಹಾಳೆಯ ಎರಡೂ ಮುಖಕ್ಕೆ ಬೇರೆ ಬೇರೆ ದೋಣಿ ಮಾಡಿ. ಕಾಗದ ತಯಾರಾಗುವಾಗ ಒಂದು ಮುಖ ಜಾಲರಿಗೆ ತಾಗಿಕೊಂಡಿರುತ್ತದೆ, ಆದ್ದರಿಂದ ಎರಡು ಮುಖಗಳ ಗುಣ ಎಷ್ಟೋ ಸಲ ಒಂದೇ ಇರುವುದಿಲ್ಲ.

ಬರೆಯುವುದು: ಕನ್ನಡಕ್ಕೆ ಕನ್ನಡದ್ದೇ ವಾಕ್ಯ

ಇಂಕು ಪರೀಕ್ಷೆ ಮಾಡುವವರು ಇಂಗ್ಲಿಷಿನ ಒಂದು ಸಿದ್ಧ ವಾಕ್ಯ ಬರೆದು ಮುಗಿಸುತ್ತಾರೆ. ಕನ್ನಡ ಬರೆಯುವವರಿಗೆ ಅದರಿಂದ ಅರ್ಧ ಉಪಯೋಗವೂ ಇಲ್ಲ. ನಮ್ಮ ಅಕ್ಷರಗಳು ದುಂಡು, ಹೊಟ್ಟೆಯೊಳಗೆ ಸಣ್ಣ ಸಣ್ಣ ಖಾಲಿ ಜಾಗಗಳು, ಕೆಳಗೆ ಒತ್ತಕ್ಷರಗಳು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ, ಇವುಗಳ ನಡುವೆ ಇರುವ ವ್ಯತ್ಯಾಸ ಬುಡದ ಒಂದು ಸೀಳು. ಥ, ಠಗಳ ಗುರುತು ನಡುವಿನ ಒಂದು ಚುಕ್ಕೆ. ಇಂಕು ಒಂದು ಕೂದಲೆಳೆಯಷ್ಟು ಹರಡಿದರೂ ಸೀಳು ಮುಚ್ಚುತ್ತದೆ, ಅನುಸ್ವಾರದ ಸೊನ್ನೆ ತುಂಬಿ ಚುಕ್ಕೆಯಾಗುತ್ತದೆ, ಒತ್ತಕ್ಷರ ಗಂಟಾಗುತ್ತದೆ. ಹರಡುವ ಹಾಳೆಯಲ್ಲಿ ‘ಧನ’ ಬರೆದರೆ ‘ದನ’ವಾಗಿಬಿಡುತ್ತದೆ. ಹಾಗಾಗಿ ಹಾಳೆ ಒಳ್ಳೆಯದಿರಬೇಕೆಂಬ ಒತ್ತಾಯ ಇಂಗ್ಲಿಷ್ ಬರೆಯುವವರಿಗಿಂತ ನಮಗೇ ಹೆಚ್ಚು.

ನಾನು ಎಲ್ಲ ಹಾಳೆಯ ಮೇಲೂ ಬರೆಯುವ ವಾಕ್ಯ ಇದು:

ಭೀಮಣ್ಣ ಬೀದಿಯ ರಥದ ಮುಂದೆ ಢಕ್ಕೆ ಬಡಿದು ಫಲ ಪಡೆದ, ಕಂಠ ಕಟ್ಟಿ ಧೂಳಿನಲ್ಲಿ ದೂರ ನಡೆದ.

ಇದನ್ನು ಮೊದಲು ನಿಮ್ಮ ಮಾಮೂಲು ವೇಗದಲ್ಲಿ, ಮಾಮೂಲು ಗಾತ್ರದಲ್ಲಿ ಒಮ್ಮೆ ಬರೆಯಿರಿ. ಎರಡನೆಯ ಸಲ ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ನಿಂತು ಬರೆಯಿರಿ. ನಿಧಾನವಾದಷ್ಟೂ ನಿಬ್ಬು ಒಂದೇ ಕಡೆ ಹೆಚ್ಚು ಇಂಕು ಬಿಡುತ್ತದೆ. ಮೂರನೆಯ ಸಲ ಅರ್ಧ ಗಾತ್ರದಲ್ಲಿ. ಸೀಳುಗಳು ಉಳಿದವೇ, ಮುಚ್ಚಿದವೇ ಎಂಬುದು ಈ ಮೂರನೆಯ ಸಾಲಿನಲ್ಲಿ ಗೊತ್ತಾಗುತ್ತದೆ.

ಕೆಳಗೆ ಅಡ್ಡ ಗೆರೆ, ಉದ್ದ ಗೆರೆ ಸೇರಿಸಿ ಒಂದು ಸಣ್ಣ ಜರಡಿ ಎಳೆಯಿರಿ. ಗೆರೆಗಳು ಕೂಡುವ ಕಡೆ ಇಂಕು ದುಪ್ಪಟ್ಟಾಗುವುದರಿಂದ ಹಾಳೆಯ ಸಹನೆ ಅಲ್ಲಿ ತಿಳಿಯುತ್ತದೆ. ಕಿವಿಯ ಹತ್ತಿಕಡ್ಡಿಯನ್ನು ಇಂಕಿನಲ್ಲಿ ಅದ್ದಿ ಒಂದು ಪಟ್ಟೆ ಬಳಿಯಿರಿ, ಪಕ್ಕದಲ್ಲಿ ಅದೇ ಕಡ್ಡಿಯಿಂದ ಒಂದು ದಪ್ಪ ಹನಿ ಇಳಿಸಿ ಮುಟ್ಟದೆ ಬಿಡಿ. ಆ ಹನಿಯ ಅಂಚಿನಲ್ಲಿ ಆಮೇಲೆ ತಮಾಷೆ ನೋಡುವುದಿದೆ.

ಒಣಗುವ ಹೊತ್ತು

ಒಂದು ಉದ್ದ ಗೆರೆ ಎಳೆದು 5 ಸೆಕೆಂಡಿಗೆ ಒಣ ಬೆರಳಿನಿಂದ ಒರೆಸಿ. ಇನ್ನೊಂದು ಗೆರೆ, 10 ಸೆಕೆಂಡು. ಹೀಗೆ 15, 20, 30, 45. ಯಾವ ಗೆರೆ ಬೆರಳಿಗೆ ಅಂಟದೆ ಉಳಿಯಿತೋ ಅದರ ಪಕ್ಕ ಪೆನ್ಸಿಲ್ಲಿನಿಂದ ಗುರುತು ಹಾಕಿ.

ನನ್ನ ಮೀಡಿಯಂ ನಿಬ್ಬಿನಿಂದ ಕೊನ್‌ಪೆಕಿ ಜೆರಾಕ್ಸ್ ಹಾಳೆಯಲ್ಲಿ 5 ಸೆಕೆಂಡಿಗೆಲ್ಲ ಒಣಗಿತು. ನೋಟ್‌ಬುಕ್ಕಿನಲ್ಲಿ 10, ರೋಡಿಯಾದಲ್ಲಿ 20 ದಾಟಿತು, ಟೊಮೊಯೆ ರಿವರ್‌ನಲ್ಲಿ 30 ಸೆಕೆಂಡಿಗೂ ಬೆರಳಿಗೆ ನೀಲಿ ಬಂತು. ಹೀರುವ ಕಾಗದದಲ್ಲಿ ಇಂಕು ಒಳಗಿಳಿದು ಮರೆಯಾಗುತ್ತದೆ, ಹೀರದ ಕಾಗದದಲ್ಲಿ ನೀರು ಗಾಳಿಗೆ ಆರಬೇಕು. ಎಡಗೈಯಲ್ಲಿ ಬರೆಯುವವರು ಬಣ್ಣಕ್ಕಿಂತ ಮೊದಲು ಈ ಅಂಕಿಯನ್ನೇ ನೋಡಲಿ, ಅವರ ಕೈ ಬರೆದ ಸಾಲಿನ ಮೇಲೇ ಹಾದುಹೋಗುತ್ತದೆ. ಚಂದದ ಹಾಳೆಯ ಮೇಲೆ ಆಸೆಯಿದ್ದರೆ ಪುಸ್ತಕದ ನಡುವೆ ಒಂದು ಬ್ಲಾಟಿಂಗ್ ಪೇಪರ್ ಇಟ್ಟುಕೊಳ್ಳಬೇಕು.

ಓದುವುದು

ಒಂದು ಗಂಟೆ ಬಿಟ್ಟು, ಕಿಟಕಿಯ ಬೆಳಕಿನಲ್ಲಿ ಕೂತು ನೋಡಿ. ಟ್ಯೂಬ್‌ಲೈಟು, ಬಲ್ಬು ಎರಡೂ ಬಣ್ಣವನ್ನು ಬದಲಿಸುತ್ತವೆ. ಫೋಟೋ ತೆಗೆದು ಹೋಲಿಸುವುದೂ ಬೇಡ, ಮೊಬೈಲು ತನಗೆ ತೋಚಿದ ಬಿಳಿಯನ್ನು ಬಿಳಿ ಅಂದುಕೊಂಡು ಉಳಿದ ಬಣ್ಣಗಳನ್ನು ತಿದ್ದುತ್ತದೆ.

ಮೊದಲು ಭೂತಗನ್ನಡಿಯಲ್ಲಿ ಗೆರೆಯ ಅಂಚು. ಚಾಕುವಿನಿಂದ ಕತ್ತರಿಸಿದ ಹಾಗಿದೆಯೇ, ಇಲ್ಲ ಬೇರು ಬಿಟ್ಟಿದೆಯೇ? ಆಮೇಲೆ ಹಾಳೆ ತಿರುಗಿಸಿ. ಹಿಂಬದಿಯಲ್ಲಿ ಅಕ್ಷರದ ನೆರಳು ಮಾತ್ರ ಕಂಡರೆ ಅದು ಕಾಗದ ತೆಳುವಾದ್ದರಿಂದ, ಇಂಕಿನ ತಪ್ಪಲ್ಲ. ಬಣ್ಣವೇ ಚುಕ್ಕೆಯಾಗಿ ಹೊರಬಂದಿದ್ದರೆ ಅದು ಇಂಗಿರುವುದು. ಇವೆರಡನ್ನೂ ಬೆರೆಸಿ ಮಾತಾಡುವವರೇ ಹೆಚ್ಚು, ಆದರೆ ಮೊದಲನೆಯದರ ಜೊತೆ ಬಾಳಬಹುದು, ಎರಡನೆಯದಿದ್ದರೆ ಆ ಪುಟ ಅಲ್ಲಿಗೇ ಮುಗಿಯಿತು.

ನಂತರ ಛಾಯೆ. ಒಂದೇ ಅಕ್ಷರದಲ್ಲಿ ಶುರುವಾದ ಕಡೆ ತಿಳಿ, ಮುಗಿದ ಕಡೆ ಗಾಢ ಇರುವುದು ಬಣ್ಣದ ಇಂಕಿನ ದೊಡ್ಡ ಸೊಗಸು. ಕಪ್ಪಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ನೀಲಿ, ಹಸಿರು, ಕಿತ್ತಳೆಗಳಲ್ಲಿ ಎದ್ದು ಕಾಣುತ್ತದೆ. ಗೆರೆ ಒಣಗುವ ಮುಂಚೆ ಇಂಕು ಅದರ ಕೊನೆಗೆ ಹರಿದು ಮಡುಗಟ್ಟಲು ಸಮಯ ಬೇಕು. ಆ ಸಮಯವನ್ನು ಕೊಡುವುದು ಹೀರದ ಕಾಗದ. ಕನ್ನಡ ಅಕ್ಷರದ ದುಂಡು ಹೊಟ್ಟೆಗಳಲ್ಲಿ ಇಂಕು ಹೀಗೆ ತಂಗಿದಾಗ ಕಾಣುವ ಏರಿಳಿತವನ್ನು ನೋಡಿಯೇ ನಾನು ಬಣ್ಣದ ಇಂಕಿಗೆ ಮನಸೋತದ್ದು.

ಕೊನೆಗೆ ಹೊಳಪು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಮಾಡಿ, ಆ ದಪ್ಪ ಹನಿಯ ಅಂಚು ನೋಡಿ. ಬಣ್ಣ ಕಾಗದದೊಳಗೆ ಇಳಿಯದೆ ಮೇಲೆಯೇ ಪದರವಾಗಿ ಒಣಗಿದರೆ ಆ ಪದರ ಬೇರೆಯದೇ ಬಣ್ಣದಲ್ಲಿ ಮಿನುಗುತ್ತದೆ. ನೀಲಿ ಇಂಕುಗಳಲ್ಲಿ ಅದು ಸಾಮಾನ್ಯವಾಗಿ ಕೆಂಪು. ನವಿಲುಗರಿ ತಿರುಗಿಸಿದ ಹಾಗೆ.

ಏಳು ಹಾಳೆಯಲ್ಲಿ ಕಂಡದ್ದು

ಜೆರಾಕ್ಸ್ ಹಾಳೆಯಲ್ಲಿ ಕೊನ್‌ಪೆಕಿ ಒಂದೇ ಮಟ್ಟದ ನೀಲಿ. ಛಾಯೆ ಬಹುತೇಕ ಇಲ್ಲ, ಹೊಳಪು ಇಲ್ಲವೇ ಇಲ್ಲ. ಗೆರೆ ನಿಬ್ಬಿಗಿಂತ ದಪ್ಪ. ಅರ್ಧ ಗಾತ್ರದ ಸಾಲಿನಲ್ಲಿ ‘ಧೂಳು’ ಮತ್ತು ‘ದೂರ’ದ ಮೊದಲ ಅಕ್ಷರಗಳು ಒಂದೇ ಆಗಿದ್ದವು. ಈ ಕಾಗದವನ್ನು ಮಾಡಿರುವುದು ಒಣ ಪುಡಿಯನ್ನು ಶಾಖದಿಂದ ಅಂಟಿಸುವ ಯಂತ್ರಕ್ಕೆ, ನೀರಿನಂಥ ಇಂಕನ್ನು ತಡೆಯುವುದು ಅದರ ಕೆಲಸವಲ್ಲ. ಇನ್ನೊಂದು ಸಂಗತಿ: ಹೆಚ್ಚು ಬೆಳ್ಳಗೆ ಕಾಣಲೆಂದು ಈ ಹಾಳೆಗಳಿಗೆ ನೀಲಿಯಾಗಿ ಬೆಳಗುವ ರಾಸಾಯನಿಕ ಸೇರಿಸಿರುತ್ತಾರೆ, ಅದರ ಮೇಲೆ ನೀಲಿ ಇಂಕು ತಣ್ಣಗೆ ಕಾಣುತ್ತದೆ. ಅದೇ ಇಂಕನ್ನು ಕೆನೆಬಣ್ಣದ ಹಾಳೆಯಲ್ಲಿ ಬರೆಯಿರಿ, ಹಸಿರಿನ ಕಡೆಗೆ ವಾಲುತ್ತದೆ.

ನೋಟ್‌ಬುಕ್ಕಿನ ಬಗ್ಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಪುಸ್ತಕಗಳಲ್ಲಿ ಒಂದು ಚೆನ್ನಾಗಿ ಹಿಡಿಯಿತು, ಇನ್ನೊಂದರಲ್ಲಿ ಇಂಕು ಬೇರು ಬಿಟ್ಟಿತು. ಡಜನ್ ಕೊಳ್ಳುವ ಮುಂಚೆ ಒಂದು ಕೊಂಡು ಬರೆದು ನೋಡಿ. ಬಾಂಡ್ ಪೇಪರು ನನಗೆ ಖುಷಿ ಕೊಟ್ಟಿತು. ಗಟ್ಟಿ ಸೈಜಿಂಗ್, ಚೂಪಾದ ಗೆರೆ, ಸಾಧಾರಣ ಛಾಯೆ, ಊರಿನ ಯಾವ ಸ್ಟೇಷನರಿ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ. ಕಾಗದ ಬರೆಯುವವರು ವಿದೇಶಿ ಪ್ಯಾಡಿಗೆ ಕೈಹಾಕುವ ಮುಂಚೆ ಇದನ್ನೊಮ್ಮೆ ನೋಡಲೇಬೇಕು.

ರೋಡಿಯಾ 80 ಜಿಎಸ್‌ಎಂನದು, ಮೇಲ್ಮೈ ಗಾಜಿನಷ್ಟು ನುಣುಪು. ಗೆರೆ ನಿಬ್ಬಿನಷ್ಟೇ ಸಣ್ಣ, ಛಾಯೆ ಸ್ಪಷ್ಟ, ಹೊಳಪು ಹನಿಯ ಅಂಚಿನಲ್ಲಿ ಮಾತ್ರ. ಜಾರುವ ಹಾಳೆ ಕೆಲವರ ಕೈಗೆ ಒಗ್ಗುವುದಿಲ್ಲ.

ಟೊಮೊಯೆ ರಿವರ್‌ನಲ್ಲಿ ನಾನು ತಾಸುಗಟ್ಟಲೆ ಕೂತೆ. ಅಕ್ಷರದ ಮೇಲಿನ ತಲೆಕಟ್ಟು ತಿಳಿಯಾದ ಆಕಾಶ, ಕೆಳಗೆ ಬರುತ್ತಾ ಬರುತ್ತಾ ಆಳದ ಕಡಲು, ಇಂಕು ನಿಂತ ತುದಿಗೆ ಕುಂಕುಮದ ಗೆರೆ ಎಳೆದ ಹಾಗೆ ಕೆಂಪು ಹೊಳಪು. ಸೀಳೊಂದೂ ಮುಚ್ಚಿರಲಿಲ್ಲ. ಹಿಂಬದಿಯಲ್ಲಿ ನೆರಳು ದಟ್ಟ, ಆದರೆ ಇಂಕು ಇಳಿದಿರಲಿಲ್ಲ. ಕೊಳ್ಳುವವರು ಒಂದು ವಿಷಯ ಗಮನಿಸಿ: ಈ ಕಾಗದವನ್ನು ಮೊದಲು ಮಾಡುತ್ತಿದ್ದದ್ದು ಟೊಮೊಯೆಗಾವಾ ಕಂಪನಿ, ಈಗ ಸಾನ್‌ಝೆನ್ ಎಂಬ ಇನ್ನೊಂದು ಜಪಾನಿ ಕಂಪನಿ ಮಾಡುತ್ತಿದೆ. ಹೆಸರು ಅದೇ ಇದ್ದರೂ ಹಳೆಯ ದಾಸ್ತಾನು, ಹೊಸದು ಎರಡೂ ಒಂದೇ ಥರ ವರ್ತಿಸುವುದಿಲ್ಲ. ಹಳೆಯ ಹಾಳೆಯ ಫೋಟೋ ನೋಡಿ ಹೊಸದನ್ನು ತರಿಸಿದರೆ ನಿರಾಸೆಯಾಗಬಹುದು.

ಕೈಕಾಗದ ಪೂರ್ತಿ ಬೇರೆ ಲೋಕ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಚಿಂದಿಯಿಂದ ಮಾಡುವ ಖಾದಿ ಕಾಗದ ದೇಶವಿದೇಶದ ಚಿತ್ರಕಾರರ ಕೈಯಲ್ಲಿದೆ. ಸೈಜಿಂಗ್ ಕೊಟ್ಟ ಕೈಕಾಗದದಲ್ಲಿ ಇಂಕು ಚೆನ್ನಾಗಿಯೇ ನಿಲ್ಲುತ್ತದೆ, ಆದರೆ ಮೈ ಒರಟು. ಸಣ್ಣ ನಿಬ್ಬು ನಾರಿಗೆ ಸಿಕ್ಕಿಕೊಳ್ಳುತ್ತದೆ, ನಿಬ್ಬಿನ ಸೀಳಿನೊಳಗೆ ನಾರಿನ ಎಳೆ ಹೊಕ್ಕರೆ ಮುಂದಿನ ಅಕ್ಷರಗಳೆಲ್ಲ ಕುಂಚದಿಂದ ಬರೆದಂತೆ ದಪ್ಪಗಾಗುತ್ತವೆ. ದಪ್ಪ ನಿಬ್ಬು, ಹಗುರ ಕೈ, ಸಣ್ಣ ಒಕ್ಕಣೆ ಇದಕ್ಕೆ ಸರಿ.

ಅಂಚೆ ಕಾರ್ಡಿನಲ್ಲಿ ಇಂಕು ಸುಮಾರಾಗಿ ಹರಡಿತು, ಬೇಗ ಒಣಗಿತು. ಅದರ ನಿಜವಾದ ಪರೀಕ್ಷೆ ಮುಂದಿನದು.

ನೀರು, ಬಿಸಿಲು

ಒಂದು ದಿನ ಪೂರ್ತಿ ಒಣಗಿದ ಬರಹದ ಮೇಲೆ ಒಂದು ಹನಿ ನೀರು ಇಳಿಸಿ, ಒಂದು ನಿಮಿಷ ಬಿಟ್ಟು ಟಿಶ್ಯೂನಿಂದ ಒತ್ತಿ ತೆಗೆಯಿರಿ. ಒರೆಸಬೇಡಿ. ಬಹುಪಾಲು ಬಣ್ಣದ ಇಂಕುಗಳಂತೆ ಕೊನ್‌ಪೆಕಿಯೂ ಕರಗಿ ಎದ್ದುಬರುತ್ತದೆ. ಹೀರುವ ಹಾಳೆಯಲ್ಲಿ ಒಂದಿಷ್ಟು ಮಸುಕು ಗೆರೆ ಉಳಿಯುತ್ತದೆ, ನುಣುಪು ಹಾಳೆಯಲ್ಲಿ ಅದೂ ಕಷ್ಟ. ಯಾವುದು ಮೇಲೆ ನಿಂತು ಹೊಳೆಯಿತೋ ಅದೇ ಮೊದಲು ಹೋಗುವುದು.

ಆದ್ದರಿಂದ ಕಾರ್ಡು, ಲಕೋಟೆಯ ವಿಳಾಸವನ್ನು ಬಣ್ಣದ ಇಂಕಿನಲ್ಲಿ ಬರೆಯಬೇಡಿ. ಮಲೆನಾಡಿನ ಆಷಾಢದಲ್ಲಿ ಅಂಚೆಯವರ ಚೀಲಕ್ಕೆ ಒಂದು ಇರಚಲು ಬಡಿದರೂ ಊರಿನ ಹೆಸರು ತೊಳೆದುಹೋಗುತ್ತದೆ. ನನ್ನದೊಂದು ಕಾಗದ ಹಾಗೆಯೇ ನೀಲಿ ಕಲೆಯಾಗಿ ನನಗೇ ಮರಳಿ ಬಂದಿತ್ತು. ವಿಳಾಸಕ್ಕೆ, ಚೆಕ್ಕಿಗೆ, ದಾಖಲೆಗೆ ನೀರಿಗೆ ಹೋಗದ ಇಂಕು ಬೇಕು. ಪ್ಲಾಟಿನಮ್ ಕಾರ್ಬನ್ ಬ್ಲ್ಯಾಕ್, ಸೈಲರ್ ಸೇಬೊಕು ಇವು ಕರಗದ ಸಣ್ಣ ಕಣಗಳಿರುವ ಇಂಕುಗಳು. ಕಬ್ಬಿಣದ ಅಂಶವಿದ್ದು ಗಾಳಿಗೆ ಕಪ್ಪಾಗುವ ಇನ್ನೊಂದು ಬಗೆಯೂ ಇದೆ. ಎರಡನ್ನೂ ಪೆನ್ನಿನಲ್ಲಿ ಒಣಗಲು ಬಿಡದೆ ಆಗಾಗ ತೊಳೆಯುತ್ತಿರಬೇಕು.

ಬಿಸಿಲಿಗೆ: ಹತ್ತಿಕಡ್ಡಿಯ ಪಟ್ಟೆಯ ಅರ್ಧಭಾಗಕ್ಕೆ ದಪ್ಪ ರಟ್ಟು ಕ್ಲಿಪ್ ಮಾಡಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಒಂದು ತಿಂಗಳು ಮರೆತುಬಿಡಿ. ರಟ್ಟು ತೆಗೆದಾಗ ಎರಡು ಅರ್ಧಗಳ ನಡುವೆ ಕಾಣುವ ವ್ಯತ್ಯಾಸವೇ ಉತ್ತರ. ಗೋಡೆಗೆ ಕಟ್ಟು ಹಾಕಿಸುವ ಬರಹವಾದರೆ ಈ ಪರೀಕ್ಷೆ ಬಿಡಬಾರದು, ಮುಚ್ಚಿಡುವ ದಿನಚರಿಗೆ ಬೇಕಿಲ್ಲ.

ಫಲ ಸರಿಯಿಲ್ಲದಿದ್ದರೆ

ಇಂಕನ್ನು ಬದಲಿಸುವ ಮುಂಚೆ ನಿಬ್ಬನ್ನು ಬದಲಿಸಿ ನೋಡಿ. ಜೆರಾಕ್ಸ್ ಹಾಳೆಯಲ್ಲೇ ಬರೆಯಬೇಕಾದ ಕಚೇರಿ ಕೆಲಸಕ್ಕೆ ಜಪಾನಿ ಎಕ್ಸ್‌ಟ್ರಾ ಫೈನ್ ನಿಬ್ಬು ಹಾಕಿದ ಮೇಲೆ ನನ್ನ ಧ, ಭಗಳ ಸೀಳು ತೆರೆದುಕೊಂಡವು. ಎರಡನೆಯ ದಾರಿ ಹಾಳೆಯ ಇನ್ನೊಂದು ಮುಖ, ಇದಕ್ಕೆ ಕಾಸೂ ಖರ್ಚಿಲ್ಲ. ಮೂರನೆಯದು ಕಡಿಮೆ ಹರಿಯುವ ಇಂಕು. ಇರೊಶಿಝುಕು ಸಾಲು ಧಾರಾಳವಾಗಿ ಹರಿಯುವಂಥದ್ದು, ಅದೇ ಅದರ ಚೆಲುವು, ಅದೇ ಹೀರುವ ಹಾಳೆಯಲ್ಲಿ ಅದರ ತೊಡಕು.

ಹರಡುವುದನ್ನು ತಡೆಯಲು ಇಂಕಿಗೆ ಗೋಂದು ಬೆರೆಸುವ ಹಳೆಯ ಉಪಾಯವನ್ನು ಕೆಲವರು ಹೇಳುತ್ತಾರೆ. ಅದ್ದಿ ಬರೆಯುವ ಟಾಕಿಗೆ ಅದು ಸರಿ, ಇಂಕ್ ಪೆನ್ನಿನ ಫೀಡಿಗೆ ಬೇಡ. ಎರಡು ಕಂಪನಿಯ ಇಂಕುಗಳನ್ನು ಪೆನ್ನಿನೊಳಗೆ ಬೆರೆಸುವುದೂ ಬೇಡ, ಕೆಲವು ಸೇರಿದರೆ ಗಸಿ ಕೂರುತ್ತದೆ.

ಮಳೆಗಾಲದಲ್ಲಿ ಒಮ್ಮೆ ಇಡೀ ಪರೀಕ್ಷೆಯನ್ನು ಮತ್ತೆ ಮಾಡಿ. ಮಾರ್ಚಿನಲ್ಲಿ ಚೆನ್ನಾಗಿ ಹಿಡಿದಿದ್ದ ನೋಟ್‌ಬುಕ್ಕು ಜುಲೈನಲ್ಲಿ ತಂಡಿ ಕುಡಿದು ಮೆತ್ತಗಾಗಿತ್ತು, ಗೆರೆಗಳಿಗೆ ಸಣ್ಣ ಬೇರು ಬಂದಿತ್ತು, ಟೊಮೊಯೆ ರಿವರ್ ಒಣಗಲು 45 ಸೆಕೆಂಡೂ ಸಾಲಲಿಲ್ಲ. ಹಾಳೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಔಷಧಿ ಬಾಟಲಿಯೊಳಗೆ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಇಟ್ಟರೆ ಎಷ್ಟೋ ವಾಸಿ.

ಪರೀಕ್ಷೆಯ ತುಂಡುಗಳನ್ನು ಎಸೆಯಬೇಡಿ. ನಾನು ಅವಕ್ಕೆ ಮೂಲೆಯಲ್ಲಿ ತೂತು ಹಾಕಿ ದಾರ ಪೋಣಿಸಿ ಮೇಜಿನ ಮೊಳೆಗೆ ನೇತುಹಾಕಿದ್ದೇನೆ. ಹೊಸ ರಿಮ್ಮೋ ಹೊಸ ಪುಸ್ತಕವೋ ಬಂದ ದಿನ ಅದರ ಒಂದು ತುಂಡಿನಲ್ಲಿ ಭೀಮಣ್ಣನ ವಾಕ್ಯ ಬರೆದು ಹಳೆಯದರ ಪಕ್ಕ ಹಿಡಿಯುತ್ತೇನೆ. ಮುಂದಿನ ವಾರ ಅಕ್ಕನಿಗೆ ಬರೆಯಬೇಕಿದೆ, ಈ ಸಲ ಮೂರೂ ಪುಟಕ್ಕೆ ಬಾಂಡ್ ಪೇಪರು ಎಣಿಸಿ ತೆಗೆದಿಟ್ಟಿದ್ದೇನೆ.